ಅಕ್ಕಿಗೆ ಪರ್ಮಿಟ್ಟು

ಹನಗೋಡಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಮಾತುಮಾತಿಗೂ ಸೆರಗು ಕೊಡವಿ, “ನಾ ಬೆಳ್ದಿದ್ದು ಕಣ್ರೀ, ಕದ್ದಿದ್ದಲ್ಲ” ಎನ್ನುತ್ತಿದ್ದರು. ಪರ್ಮಿಟ್ ಇಲ್ಲದೆ ಅಕ್ಕಿ ಜಿಲ್ಲೆ ದಾಟುವಂತಿಲ್ಲದ ಎಪ್ಪತ್ತರ ದಶಕದ ದಿನಗಳವು. ಗಡಿಯಾಚೆ ಕೊಡಗಿನಲ್ಲಿದ್ದ ಬಾಣಂತಿ ಮಗಳಿಗೆ ಐದು ಸೇರು ಹಳೆಯ ಸಣ್ಣಕ್ಕಿ ಒಯ್ಯಲು ಅವರು ಹುಣಸೂರಿನ ಕಚೇರಿಗೆ ನಾಲ್ಕು ಸಲ ಅಲೆದರು. ಪರ್ಮಿಟ್ ಕೊಡುವ ಸಾಹೇಬರು ಒಮ್ಮೆಯೂ ಸಿಗಲಿಲ್ಲ. ಕೊನೆಗೆ ರೋಸಿಹೋಗಿ, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿಯೇಬಿಟ್ಟರು.

ಗಡಿಯ ಚೆಕ್‌ಪೋಸ್ಟಿನಲ್ಲಿ ಗಾರ್ಡ್ ಚೀಲ ಇಳಿಸಿದ.

“ಅಕ್ಕಿ ಬುಡಾಕಾಗಕ್ಕಿಲ್ಲ ಕಣವ್ವ, ಕಾನೂನು.”

“ಅನ್ನ ಬುಡ್ತೀಯೇನಪ್ಪಾ?”

ಬಸ್ಸು ನಮ್ಮನ್ನು ಬಿಟ್ಟು ಹೊರಟುಹೋಯಿತು. ಅವರು ಟೀ ಅಂಗಡಿಯಿಂದ ದೊಡ್ಡ ತಪ್ಪಲೆ ಕೇಳಿ ತಂದು, ಗೇಟಿನ ಪಕ್ಕದಲ್ಲೇ ಮೂರು ಕಲ್ಲು ಹೂಡಿ, ಸರ್ಕಾರವನ್ನು ಬೈಯುತ್ತಲೇ ಅಷ್ಟೂ ಅಕ್ಕಿ ಬೇಯಿಸಿದರು.

ಹಬೆಯಾಡುವ ತಪ್ಪಲೆ ಹೊತ್ತು ಅವರು ಬಂದಾಗ, ಗಾರ್ಡ್ ಕಾಯಿದೆ ಪುಸ್ತಕವನ್ನು ತಿರುವಿ ತಿರುವಿ ನೋಡಿ, ಏನೂ ಸಿಗದೆ, ತಾನೇ ಗೇಟು ಎತ್ತಿದ.