ನೀಲಕಂಠಪ್ಪನವರ ಸುಖ

ನವನಗರದ ಹತ್ತಿ ವ್ಯಾಪಾರಿ ನೀಲಕಂಠಪ್ಪನವರು ಬುದ್ಧನ ಧ್ಯಾನ ಹಿಡಿದು ಹನ್ನೊಂದು ವರ್ಷ. ಬೆಳಿಗ್ಗೆ ಉಣಕಲ್ ಕೆರೆಯ ದಂಡೆಯಲ್ಲಿ ಕಣ್ಣು ಮುಚ್ಚಿ ಕೂತರೆ ಸೊಳ್ಳೆ ಕಚ್ಚಿದರೂ ಅಲುಗರು. ಸಾರಿನಲ್ಲಿ ಉಪ್ಪಿಲ್ಲದಿದ್ದರೂ ನಗು, ನೆರೆಮನೆಯಲ್ಲಿ ಸಾವಾದರೂ ಅದೇ ನಗು. "ಎಲ್ಲಾ ಬರತೈತಿ, ಹೋಗತೈತಿ, ಸುಮ್ಮನ ನೋಡಬೇಕ್ರಿ" ಎಂದು ಹಾಲಿನವನಿಗೂ ಬೋಧಿಸುವರು. ಎದೆಯಲ್ಲಿ ಗಂಟಾಗಿದೆಯೆಂದು ಹೆಂಡತಿ ದಾಕ್ಷಾಯಿಣಿ ಅಂಜುತ್ತ ಹೇಳಿದಾಗಲೂ ಅದನ್ನೇ ಅಂದರು. ನಂಬಿದ ಆಕೆ ಎಂಟು ತಿಂಗಳು ಸುಮ್ಮನಿದ್ದಳು. ಕೊನೆಗೆ ಆಕೆಯ ತಂಗಿ ಈರವ್ವ ಇಬ್ಬರನ್ನೂ ಆಸ್ಪತ್ರೆಗೆ ಎಳೆದೊಯ್ದಳು. "ಇಷ್ಟ ತಡಾ ಯಾಕ ಮಾಡಿದ್ರಿ, ಅವ್ವಾ?" ಎಂದ ಡಾಕ್ಟರು ತಲೆ ತಗ್ಗಿಸಿದರು. ದಾಕ್ಷಾಯಿಣಿ ಗಂಡನ ಮುಖ ನೋಡಿದಳು. ಒಂದು ಗೆರೆಯಾದರೂ ಕದಲೀತೇನೋ ಎಂದು ಕಾದಳು. ಅವರು ಕಣ್ಣು ಮುಚ್ಚಿ ಪ್ರಶಾಂತವಾಗಿ ಕೂತಿದ್ದರು. ಮೂವತ್ತು ವರ್ಷ ಜೊತೆಗೆ ಬಾಳಿದವಳಿಗೆ ಅವರು ಎಷ್ಟು ಸುಖಿ ಎಂಬುದು ಅಂದು ತಿಳಿಯಿತು.