ಎಮ್ಮಿ ಎಲ್ಲಿಗೆ ಹೊಂಟಿತ್ತು

ಶಿವಲಕ್ಷ್ಮಿ ಅಕ್ಕೋರ ತರಗತಿಯಲ್ಲಿ ಯಾವ ಮಗುವೂ ಉತ್ತರ ಬರದೆ ಸುಮ್ಮನೆ ನಿಲ್ಲುವುದಿಲ್ಲ ಎಂಬುದು ಸುತ್ತಲಿನ ಶಾಲೆಗಳಿಗೆಲ್ಲ ಗೊತ್ತಿದ್ದ ಮಾತು. ತಪಾಸಣೆಗೆ ಸಾಹೇಬರು ಬಂದು ಯಾರನ್ನು ಎಬ್ಬಿಸಿದರೂ ಸರಿ, ಆ ಮಗು ಎರಡೂ ಕೈ ಬೆನ್ನಿಗೆ ಕಟ್ಟಿ, ಎದುರಿನ ಗೋಡೆ ನೋಡುತ್ತ, ನಳ ಬಿಟ್ಟ ಹಾಗೆ ಹೇಳಿ ಮುಗಿಸಿ ಕೂರುತ್ತಿತ್ತು. ಅಕ್ಕೋರು ಒಂದು ಬದಿಗೆ ನಿಂತು, ಸಪ್ಪಳವಿಲ್ಲದೆ ತುಟಿ ಆಡಿಸುತ್ತ, ಮಗುವಿನ ಜೊತೆಗೇ ತಾವೂ ಒಳಗೊಳಗೆ ಹೇಳಿಕೊಳ್ಳುತ್ತಿದ್ದರು.

ಅದಕ್ಕೊಂದು ಹಿಂದಿನ ಕಥೆಯಿದೆ. ಅವರು ಬೆಟಗೇರಿಯ ನೇಕಾರರ ಮಗಳು. ಐದನೆಯ ಇಯತ್ತೆಯಲ್ಲಿದ್ದಾಗ ಆಗಸ್ಟ್ ಹದಿನೈದರ ಭಾಷಣಕ್ಕೆ ಹೆಸರು ಕೊಟ್ಟಿದ್ದರು. ತಂದೆ ವಿರೂಪಾಕ್ಷಪ್ಪ ಅಂದು ಮಗ್ಗ ನಿಲ್ಲಿಸಿ, ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದು ಮುಂದಿನ ಸಾಲಿನಲ್ಲೇ ಕುಳಿತರು. ಹುಡುಗಿ ವೇದಿಕೆ ಹತ್ತಿ "ಮಾನ್ಯ ಅಧ್ಯಕ್ಷರೇ" ಅಂದಳು. ಆಮೇಲಿನದು ಬರಲಿಲ್ಲ. ಮತ್ತೊಮ್ಮೆ "ಮಾನ್ಯ ಅಧ್ಯಕ್ಷರೇ" ಅಂದಳು. ಪೆಂಡಾಲಿನ ಹಿಂದಿನಿಂದ ಯಾರೋ ನಕ್ಕರು, ನಗು ಮುಂದಿನ ಸಾಲಿನವರೆಗೂ ಬಂತು. ಅಪ್ಪ ಮಾತ್ರ ತಲೆ ತಗ್ಗಿಸಿ ತಮ್ಮ ಧೋತರದ ಅಂಚನ್ನು ನೋಡುತ್ತಿದ್ದರು. ಮನೆಗೆ ಹೋಗುವಾಗ ಅವರು ಒಂದು ಮಾತೂ ಬಯ್ಯದೆ ದಾರಿಯಲ್ಲಿ ಚುರುಮುರಿಯ ಗಿರ್ಮಿಟ್ ಕೊಡಿಸಿದರು. ಕಣ್ಣೀರು ಬಿದ್ದ ಆ ಗಿರ್ಮಿಟ್ಟಿನ ರುಚಿ ಶಿವಲಕ್ಷ್ಮಿಯ ನಾಲಿಗೆಯಿಂದ ಎಂದೂ ಹೋಗಲಿಲ್ಲ. ಮುಂದೆ ತಾವೇ ಶಾಲೆಯ ಅಕ್ಕೋರಾದಾಗ ಅವರು ಮಾಡಿಕೊಂಡ ನೇಮ ಒಂದೇ: ನನ್ನ ಮಕ್ಕಳ ಬಾಯಿಗೆ ಮಾತು ನಾನು ಕೊಡುತ್ತೇನೆ. ಯಾರೂ ಬರಿಬಾಯಿಯಲ್ಲಿ ನಿಲ್ಲಬಾರದು.

ಅಸುಂಡಿ ದಾಟಿ ಮುಂದೆ ಸಿಗುವ ಒಂದು ಸಣ್ಣ ಊರಿನ ಶಾಲೆ ಅವರದು. ಕಲಿಸುವುದರ ಜೊತೆಗೆ ಗ್ರಂಥಾಲಯವೂ ಅವರ ಪಾಲಿಗೇ ಬಂದಿತ್ತು. ಗ್ರಂಥಾಲಯ ಅಂದರೆ ಕೀಲಿ ಹಾಕಿದ ಒಂದು ಕಬ್ಬಿಣದ ಕಪಾಟು. ಪುಸ್ತಕ ಹರಿದರೆ ಯಾರು ಉತ್ತರ ಕೊಡಬೇಕು ಎಂಬ ಹೆದರಿಕೆಗೆ ಆ ಕೀಲಿ ತೆಗೆಯುತ್ತಲೇ ಇರಲಿಲ್ಲ.

ಹೋದ ವರ್ಷ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮೊಬೈಲ್ ನೋಡುತ್ತ ಕುಳಿತಾಗ ಅಸ್ಮಾ ಮೇಡಂ ಅವರ ಜಾಲತಾಣ ಕಣ್ಣಿಗೆ ಬಿತ್ತು. ಅಸ್ಮಾ ಲಕ್ಷ್ಮೇಶ್ವರದವರು, ಮಕ್ಕಳಿಗೆ ಕಥೆ ಬರೆಯುವವರು. ತಮ್ಮ ಕಥೆಗಳನ್ನು ತಾವೇ ಓದಿ ಧ್ವನಿಮುದ್ರಿಸಿ ಅಲ್ಲಿ ಹಾಕಿದ್ದರು. ಮುದ್ರಿಸಿ ಬಣ್ಣ ತುಂಬಿಸುವ ಚಿತ್ರಗಳಿದ್ದವು. ಓದಲು ಅಂಜುವ ಮಗುವಿಗೆ ಯಾವ ಕಥೆ, ಓದಿ ಓದಿ ಬೇಸತ್ತ ಮಗುವಿಗೆ ಯಾವುದು ಎಂದು ಬೇರೆ ಬೇರೆ ಹೇಳಿದ್ದರು. 'ಕಪಾಟು' ಎಂಬ ಪುಟದಲ್ಲಿ, ಪುಸ್ತಕ ಮಗುವಿನ ಕೈಗೆ ನಿಲುಕುವ ಎತ್ತರಕ್ಕೆ ಇರಲಿ, ಹರಿದರೆ ಹರಿಯಲಿ, ಅಂಟಿಸುವುದನ್ನೂ ಮಕ್ಕಳಿಗೇ ಕಲಿಸಿರಿ ಎಂದಿತ್ತು.

ಅಕ್ಕೋರು ಎರಡು ದಿನ ಯೋಚಿಸಿದರು. ಮೂರನೆಯ ದಿನ ಕಪಾಟಿನ ಕೀಲಿ ತೆಗೆದು, ಕೋಣೆಯ ಉದ್ದಕ್ಕೂ ಹಗ್ಗ ಕಟ್ಟಿ, ಒಗೆದ ಅರಿವೆ ಹಾಕುವ ಹಾಗೆ ಪುಸ್ತಕಗಳನ್ನು ಇಳಿಬಿಟ್ಟರು. ಮಕ್ಕಳು ಅಲ್ಲೇ ಮುಗಿಬಿದ್ದರು. ಬೇರೆ ಶಾಲೆಯವರು ನೋಡಲು ಬಂದರು. ಅಕ್ಕೋರಿಗೆ ಹೆಸರು ಬಂತು, ಆ ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಅಲ್ಲಿಗೇ ನಿಂತಿದ್ದರೆ ಅವರು ನಾಚಿಕೊಳ್ಳುವ ಕಾರಣವೇ ಇರುತ್ತಿರಲಿಲ್ಲ.

ಆ ಜಾಲತಾಣದಲ್ಲಿ 'ಅರ್ಧ ಕಥಿ' ಎಂಬ ಪುಟವೊಂದಿತ್ತು. ಅಸ್ಮಾ ಮೇಡಂ ಕಥೆಯನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಮುಂದಿನದನ್ನು ಮಕ್ಕಳು ಹೇಳಬೇಕು, ಶಿಕ್ಷಕರು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳಿಸಬೇಕು. ಈ ಸಲದ ಕಥೆ ಹೀಗಿತ್ತು: ಒಂದು ಎಮ್ಮಿ ಬಸ್ ಹತ್ತಿತು. ಜನ ಸರಿದು ಜಾಗ ಬಿಟ್ಟರು. ಕಂಡಕ್ಟರ್ ಬಂದು, "ಎಲ್ಲಿಗವಾ?" ಅಂದ. ಎಮ್ಮಿ ಹೇಳಿತು...

ಅಷ್ಟೇ. ಅದರ ಕೆಳಗೆ ಒಂದು ಸಾಲು: "ದಯವಿಟ್ಟು ಮಕ್ಕಳಿಗೆ ಹೇಳಿಕೊಡಬೇಡಿರಿ."

ಅಕ್ಕೋರು ಆ ಸಾಲನ್ನು ಓದಿರಲಿಲ್ಲ ಎಂದೇನಿಲ್ಲ. ಮದುವೆ ಪತ್ರಿಕೆಯಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಬರೆದಿರುತ್ತಾರೆ. ಹಾಗೆಂದು ಯಾರಾದರೂ ಬರಿಗೈಯಲ್ಲಿ ಹೋಗುತ್ತಾರೆಯೇ? ಇದೂ ಅಂಥ ಒಂದು ಮರ್ಯಾದೆಯ ಮಾತು ಎಂದುಕೊಂಡರು.

ಆದರೂ ಮೊದಲು ಮಕ್ಕಳನ್ನು ಕೇಳಿದರು. ನಾಲ್ಕನೆಯ ಇಯತ್ತೆಯ ಭಾಗ್ಯಾ ತಡಮಾಡದೆ ಎದ್ದು ನಿಂತಳು.

"ಎಮ್ಮಿ ಮುಂಡರಗಿ ಸಂತಿಗೆ ಹೊಂಟಿತ್ರಿ. ಅದರ ಕೋಣಗರಾನ ಅಲ್ಲಿ ಮಾರಿದ್ರರಿ. ಅದಕ್ಕ ದಾರಿ ಗೊತ್ತಿದ್ದಿಲ್ಲರಿ, ಅದಕ ಬಸ್ ಹತ್ತಿತ್ರಿ."

"ಮುಂದ?"

"ಮುಂದ ಕರ ಸಿಗಂಗಿಲ್ಲರಿ. ಬ್ಯಾರೆ ಯಾವ್ದೋ ಕರಾ ಇದರ ಬೆನ್ನ ಹತ್ತತೈತ್ರಿ."

ಅಕ್ಕೋರು ಹುಬ್ಬು ಗಂಟಿಕ್ಕಿದರು. "ಅಳೋದು ಕರಿಯೋದು ಬ್ಯಾಡವಾ. ಊರ ಮಂದಿ ಎಲ್ಲಾ ಕೇಳತಾರ. ಚೊಲೋದ್ ಇರಬೇಕು. ಇದು ತಪ್ಪಾತು, ಕುಂದ್ರು."

ಆಮೇಲೆ ತಾವೇ ಒಂದು ಮುಕ್ತಾಯ ಬರೆದರು. ಎಮ್ಮೆ ಹೇಳಿತು, "ನಾನು ಶಾಲೆಗೆ ಹೋಗಬೇಕು, ಅಕ್ಷರ ಕಲಿಯಬೇಕು." ಕಂಡಕ್ಟರ್ ಸಂತೋಷದಿಂದ ಸೀಟು ಕೊಟ್ಟನು. ಎಮ್ಮೆ ಶಾಲೆಯ ಮುಂದೆ ಇಳಿಯಿತು. ಇದನ್ನೇ ಎಲ್ಲರೂ ಬಾಯಿಪಾಠ ಮಾಡಿದರು. ಭಾಗ್ಯಾಳ ದನಿ ಸ್ಪಷ್ಟ, ಹಾಗಾಗಿ ಅವಳದನ್ನೇ ಮೊದಲು ಮುದ್ರಿಸಿದರು. ಉಳಿದವರದನ್ನೂ ಮುದ್ರಿಸಿ ಎಲ್ಲವನ್ನೂ ಕಳಿಸಿದರು.

ಅಸ್ಮಾ ಮೇಡಂ ಅವನ್ನು ಊರಿನ ಹೆಸರಿನೊಂದಿಗೆ ತಮ್ಮ ಜಾಲತಾಣದಲ್ಲಿ ಹಾಕಿ, ಈ ಮಕ್ಕಳೊಂದಿಗೆ ಮಾತಾಡುವ ಆಸೆಯಿದೆ ಎಂದು ಬರೆದರು. ಹೆಡ್ ಮಾಸ್ತರ್ ಸಿದ್ದಲಿಂಗೇಶ ಸರ್ ಅವರಿಗೆ ಬಹಳ ಖುಷಿಯಾಯಿತು. ಸುತ್ತಲಿನ ಶಾಲೆಗಳ ಶಿಕ್ಷಕರು ತಿಂಗಳಿಗೊಮ್ಮೆ ಸೇರುವ ಸಭೆ ಆ ಸಲ ಇವರಲ್ಲೇ ಇತ್ತು. "ಅದs ದಿನಾ ವಿಡಿಯೋ ಮಾತು ಇಟ್ಟಬಿಡೂಣು. ಎಲ್ಲಾರೂ ನೋಡಿ ಕಲೀಲಿ," ಅಂದರು.

ಆ ದಿನ ದೊಡ್ಡ ಟಿವಿಯ ಮುಂದೆ ಮಕ್ಕಳು, ಅವರ ಹಿಂದೆ ಕುರ್ಚಿಗಳಲ್ಲಿ ಶಿಕ್ಷಕರು ಕುಳಿತಿದ್ದರು. ಪರದೆಯ ಮೇಲೆ ಅಸ್ಮಾ ಮೇಡಂ ಕನ್ನಡಕ ಸರಿಮಾಡಿಕೊಂಡು ನಕ್ಕರು.

"ಭಾಗ್ಯಾ ಅನ್ನಾಕಿ ಯಾರವಾ?"

ಭಾಗ್ಯಾ ಎದ್ದು ಕೈ ಕಟ್ಟಿ ಗೋಡೆ ನೋಡುತ್ತ ಎಲ್ಲವನ್ನೂ ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ಚಪ್ಪಾಳೆಯಾಯಿತು.

"ಭಾಳ ಚೊಲೋ ಹೇಳಿದಿ. ಸಾಲಿ ಮುಂದ ಇಳೀತಲಾ ಎಮ್ಮಿ, ಮುಂದ ಎಲ್ಲಿ ಕುಂತಿತು? ಬೆಂಚಿನ ಮ್ಯಾಲೋ, ನೆಲದ ಮ್ಯಾಲೋ?"

ಭಾಗ್ಯಾ ಪರದೆಯನ್ನು ನೋಡಿದಳು. ಬಾಗಿಲ ಬದಿ ನಿಂತಿದ್ದ ಅಕ್ಕೋರ ತುಟಿಗಳನ್ನು ನೋಡಿದಳು. ಅವು ಆಡುತ್ತಿರಲಿಲ್ಲ. ಅವಳು ಯಾವ ಕಪಟವೂ ಇಲ್ಲದೆ, ಅದೇ ಸ್ಪಷ್ಟ ದನಿಯಲ್ಲಿ ಹೇಳಿದಳು:

"ಅಕ್ಕೋರು ಮುಂದಿಂದು ಇನ್ನಾ ಹೇಳಿಕೊಟ್ಟಿಲ್ಲರಿ."

ಹಿಂದಿನ ಕುರ್ಚಿಯಿಂದ ಒಂದು ನಗು ಬಂತು. ಅದು ಮುಂದಿನವರೆಗೂ ಹರಿಯಿತು. ಶಿವಲಕ್ಷ್ಮಿಗೆ ಆ ನಗುವಿನ ದಾರಿ ಹಳೆಯ ಗುರುತು. ಏನಾದರೂ ಹೇಳಬೇಕೆಂದು ಬಾಯಿ ತೆರೆದರು. ಮಾತು ಬರಲಿಲ್ಲ.

ಅಸ್ಮಾ ಮೇಡಂ ನಗಲಿಲ್ಲ. "ಆತವ್ವಾ, ಅದು ಅಕ್ಕೋರ ಎಮ್ಮಿ. ನಿನ್ನ ಎಮ್ಮಿ ಎಲ್ಲಿಗೆ ಹೊಂಟಿತ್ತು?"

ಭಾಗ್ಯಾ ತಲೆಯಾಡಿಸಿದಳು. "ನಂದು ತಪ್ಪೈತ್ರಿ," ಎಂದು ಕುಳಿತುಬಿಟ್ಟಳು.

ಚಹಾದ ಹೊತ್ತಿಗೆ ಬಾಜೂ ಊರಿನ ದುರ್ಗೇಶ ಸರ್ ಬಿಡಲಿಲ್ಲ. "ಪಾಪ, ಎಮ್ಮೀದೇನ್ ತಪ್ಪರೀ? ಅಕ್ಕೋರದು ಪೋರ್ಷನ್ ಮುಗಿದಿಲ್ಲ!" ಎಲ್ಲರೂ ನಕ್ಕರು. ಅಕ್ಕೋರೂ ನಕ್ಕರು, ಕಪ್ಪಿನೊಳಗೆ ಮುಖವಿಟ್ಟು.

ಸಂಜೆ ಬಸ್ಸಿನಲ್ಲಿ ಕಂಡಕ್ಟರ್ ಬಂದು, "ಎಲ್ಲಿಗ್ರಿ?" ಅಂದ. ದಿನವೂ ಹೋಗುವ ಬೆಟಗೇರಿಯ ಹೆಸರು ಹೇಳಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಭಾನುವಾರ ಮನೆಯಲ್ಲಿ ಒಬ್ಬರೇ ಕುಳಿತು, ತಾವು ಕಳಿಸಿದ್ದ ಧ್ವನಿಗಳನ್ನು ಒಂದಾದ ಮೇಲೊಂದು ಕೇಳಿದರು. ದನಿ ಮಾತ್ರ ಬೇರೆ ಬೇರೆ. ನಿಲ್ಲುವ ಜಾಗ, ಉಸಿರೆಳೆಯುವ ಜಾಗ, ರಾಗ ಎಲ್ಲವೂ ತಮ್ಮವೇ. ಇಷ್ಟು ಮಕ್ಕಳ ಬಾಯಲ್ಲಿ ಕುಳಿತು ತಾನೊಬ್ಬಳೇ ಮಾತಾಡಿದ್ದೇನೆ ಅನ್ನಿಸಿತು. ಭಾಗ್ಯಾಳ ಕಥೆ ಮುಗಿದ ಮೇಲೆ ಕೊನೆಯಲ್ಲಿ, ಧ್ವನಿಮುದ್ರಣ ನಿಲ್ಲಿಸುವ ಮೊದಲು, ಸಣ್ಣದೊಂದು ಪ್ರಶ್ನೆಯೂ ಸೇರಿಕೊಂಡಿತ್ತು. ಕಳಿಸುವಾಗ ಅವರು ಅದನ್ನು ಗಮನಿಸಿರಲಿಲ್ಲ.

"ಸಾಕೇನ್ರಿ ಅಕ್ಕೋರ?"

ಅವರು ಮೊಬೈಲನ್ನು ಮಡಿಲಲ್ಲಿ ಬೋರಲು ಹಾಕಿದರು. ಆ ಪ್ರಶ್ನೆಯನ್ನು ಅಸ್ಮಾ ಮೇಡಂ ಕೇಳಿದ್ದಾರೆ. ಜಾಲತಾಣ ನೋಡಿದ ಯಾವ ಯಾವುದೋ ಊರಿನ ಅಕ್ಕೋರು, ಮಾಸ್ತರು ಕೇಳಿದ್ದಾರೆ. ಹಿಂದೆ ಅಪ್ಪ ಧೋತರದ ಅಂಚು ನೋಡಿದ ಹಾಗೆ, ಅವರು ತಮ್ಮ ಸೀರೆಯ ಅಂಚನ್ನು ನೋಡುತ್ತ ಕುಳಿತರು. ಆಮೇಲೆ ಅಸ್ಮಾ ಮೇಡಂಗೆ ಫೋನ್ ಮಾಡಿದರು.

"ನಮ್ಮ ಸಾಲೀವು ಎಲ್ಲಾ ತಗದಬಿಡ್ರಿ ಮೇಡಂ. ನನಗ ನಾಚಿಕಿ ಆಗೈತ್ರಿ."

"ತಗೀತೀನ್ರಿ. ಆದ್ರ ತಗದ್ರ ಹುಡುಗ್ರು ಏನ ತಿಳ್ಕೋತಾರು? ತಪ್ಪು ತಮ್ದs ಅಂತ ತಿಳ್ಕೋತಾರು."

"ಮತ್ತ ನಾ ಏನ್ ಮಾಡ್ಲಿ?"

"ಅದು ನನಗ ಗೊತ್ತಿಲ್ಲರಿ ಅಕ್ಕಾ. ನಾ ಬರೇ ಅರ್ಧ ಕಥಿ ಹಾಕಾಕಿ."

ಸೋಮವಾರ ಅಕ್ಕೋರು ಹಾಜರಿ ಮುಗಿಸಿ ಮಕ್ಕಳ ನಡುವೆ ನೆಲದ ಮೇಲೆ ಕುಳಿತರು. ಮಕ್ಕಳು ಗಾಬರಿಯಾಗಿ ಸರಿದು ಕುಳಿತರು.

"ಭಾಗ್ಯಾ, ನಿನ್ನ ಕಥಿ ತಪ್ಪು ಅಂದಿದ್ನಲಾ. ಅದು ತಪ್ಪಲ್ಲ. ತಪ್ಪು ಮಾಡಿದಾಕಿ ನಾನು. ಈಗ ಹೇಳವಾ."

ಭಾಗ್ಯಾ ಎದ್ದು ಕೈ ಕಟ್ಟಿದಳು. ಗೋಡೆ ನೋಡಿದಳು. "ಮರ್ತೈತ್ರಿ."

"ಎಮ್ಮಿ ಸಂತಿಗೆ ಹೊಂಟಿತ್ತು..." ಎಂದು ಅಕ್ಕೋರು ನೆನಪು ಮಾಡಿಕೊಡಲು ಹೋದರು. ಹುಡುಗಿಯ ಕಣ್ಣು ಕೂಡಲೇ ಅವರ ತುಟಿಗೆ ಬಂದು ನಿಂತಿತು, ಮುಂದಿನ ಮಾತು ಅಲ್ಲಿಂದಲೇ ಸಿಗಬಹುದೆಂದು ಕಾಯುತ್ತ. ಅಕ್ಕೋರು ಗಪ್ಪನೆ ಬಾಯಿ ಮುಚ್ಚಿಕೊಂಡರು. ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಆದರೂ ಅವಳು ಹೇಳಲಿಲ್ಲ.

"ಯಾಕವಾ?"

ಭಾಗ್ಯಾ ಅಂದಳು, "ನೀವು ಇದ್ರ ಬರಂಗಿಲ್ಲರಿ."

ಮಕ್ಕಳೆಲ್ಲ ತಿರುಗಿ ಅಕ್ಕೋರನ್ನು ನೋಡಿದರು. ಇಷ್ಟು ವರ್ಷಗಳಲ್ಲಿ ಅವರಿಗೆ ಯಾವ ಮಗುವೂ ಹೀಗೆ ಹೇಳಿರಲಿಲ್ಲ. ಹೇಳದಿದ್ದರೂ ಇದೇ ನಿಜವಿದ್ದಿರಬಹುದು ಎಂಬುದು ಅವರಿಗೆ ಆಗ ಹೊಳೆಯಿತು. ಈಗ ದೊಡ್ಡವರಾಗಿ, ಮದುವೆಯಾಗಿ, ಎಲ್ಲೆಲ್ಲೋ ಇರುವ, ತಾವು ಕಲಿಸಿದ ಮಕ್ಕಳ ಮುಖಗಳು ನೆನಪಾದವು. ಅವರೆಲ್ಲ ಎಷ್ಟು ಚೆಂದ ಹೇಳುತ್ತಿದ್ದರು, ಗೋಡೆ ನೋಡುತ್ತ.

ಮೊಬೈಲಿನಲ್ಲಿ ಧ್ವನಿಮುದ್ರಣದ ಗುಂಡಿ ಒತ್ತಿ ಭಾಗ್ಯಾಳ ಮುಂದಿಟ್ಟರು. "ಮುಗದ ಮ್ಯಾಲೆ ಇದನ್ನ ಒತ್ತು," ಅಂದರು. ಎದ್ದು ಹೊರಗೆ ಬಂದು ಬಾಗಿಲು ಮುಂದೆಳೆದುಕೊಂಡು, ಪಡಸಾಲೆಯ ಕಂಬಕ್ಕೆ ಆತು ನಿಂತರು. ತಡವಾಗಿ ಬಂದ ಮಕ್ಕಳನ್ನು ಅವರು ನಿಲ್ಲಿಸುತ್ತಿದ್ದುದು ಅದೇ ಜಾಗದಲ್ಲಿ.

ಬಯಲಿನ ಆಚೆ ಅಡುಗೆಯವರು ಅಕ್ಕಿ ಆರಿಸುವುದನ್ನು ಬಿಟ್ಟು ನೋಡಿದರು. ಹೆಡ್ ಮಾಸ್ತರ್ ಆಫೀಸಿನಿಂದ ಹೊರಗೆ ಬಂದರು.

"ಏನ್ರಿ ಅಕ್ಕೋರ, ಹೊರಗ ನಿಂತೀರಿ?"

"ಒಳಗ ಮಕ್ಕಳು ಕಥಿ ಹೇಳಾಕತ್ತಾರ್ರಿ."

"ಮತ್ತ ನೀವು?"

"ನನ್ನ ಹೊರಗ ಹಾಕ್ಯಾರ್ರಿ ಸರ್."

ಸಿದ್ದಲಿಂಗೇಶ ಸರ್ ನಗಬೇಕೆಂದು ಬಾಯಿ ತೆರೆದರು. ಅಕ್ಕೋರ ಮುಖ ನೋಡಿ ಒಳಗೆ ಹೋದರು.

ಬಾಗಿಲ ಆಚೆ ಮೊದಲು ಏನೂ ಕೇಳಲಿಲ್ಲ. ಆಮೇಲೆ ಸಣ್ಣ ದನಿ, ತಡವರಿಸುವ ದನಿ. ಅದು ನಳ ಬಿಟ್ಟ ಹಾಗೆ ಇರಲಿಲ್ಲ. ನಿಲ್ಲುತ್ತಿತ್ತು, ಹಿಂದಕ್ಕೆ ಹೋಗುತ್ತಿತ್ತು, ಮತ್ತೆ ಹೊರಡುತ್ತಿತ್ತು. ಒಮ್ಮೆ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಯಾರೋ ಎಮ್ಮಿಯ ಹಾಗೆ ಕೂಗಿದರು. ಇನ್ನೊಮ್ಮೆ ಎಲ್ಲವೂ ಎಷ್ಟು ಸುಮ್ಮನಾಯಿತೆಂದರೆ ಅಕ್ಕೋರಿಗೆ ಬಾಗಿಲಿಗೆ ಕಿವಿ ಕೊಡುವ ಆಸೆಯಾಯಿತು. ಅವರು ಕಂಬ ಬಿಟ್ಟು ಕದಲಲಿಲ್ಲ.

ಬಾಗಿಲು ತೆರೆಯಿತು. ಭಾಗ್ಯಾ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಅವಳು ಗೋಡೆ ನೋಡುತ್ತಿರಲಿಲ್ಲ.

"ಅಸ್ಮಾ ಮೇಡಂಗ ಕಳಸ್ರಿ ಅಕ್ಕೋರ. ನೀವು ಕೇಳಬ್ಯಾಡ್ರಿ."

"ಯಾವತ್ತೂ ಕೇಳಬಾರದೇನವಾ?"

ಭಾಗ್ಯಾ ಮೊಬೈಲನ್ನು ಅವರ ಕೈಗಿಟ್ಟಳು. "ಆಮ್ಯಾಲೆ ಹೇಳ್ತೀನ್ರಿ," ಅಂದಳು.

ಅಕ್ಕೋರು ಕೇಳದೆ ಅದನ್ನು ಕಳಿಸಿದರು. ಒಳಗಿನಿಂದ ಇನ್ನೊಬ್ಬ ಹುಡುಗಿ ಕೂಗಿದಳು, "ಅಕ್ಕೋರ, ಮೊಬೈಲ್ ಕೊಡ್ರಿ, ನಂದೂ ಒಂದು ಎಮ್ಮಿ ಐತಿ!" ಅವರು ಮೊಬೈಲ್ ಕೊಟ್ಟು, ತಲೆ ತಗ್ಗಿಸಿ, ಮತ್ತೆ ಕಂಬದ ಬಳಿ ಹೋಗಿ ನಿಂತರು.