ಮೋಟಾರ್ ಮೂಸುವವನು
ಎಲೆಕ್ಟ್ರಿಕ್ ಸೈಕಲ್ ರಿಪೇರಿಯವನು ಕೆಟ್ಟ ಸೈಕಲ್ ಬಂದರೆ ಮಾಲೀಕನ ಮುಖವನ್ನೂ ನೋಡದೆ, ಬಗ್ಗಿ ಹಿಂದಿನ ಚಕ್ರದ ನಡುವಿನ ಮೋಟಾರನ್ನು ಮೂಸುತ್ತಾನೆ. ಸುಟ್ಟ ವಾಸನೆ ಬಂತೋ, ಮುಗಿಯಿತು ಕಥೆ. "ಮೂವತ್ತಾರು ವೋಲ್ಟಿನ ಮೋಟಾರಿಗೆ ನಲವತ್ತೆಂಟರ ಬ್ಯಾಟರಿ ಹಾಕಿದ್ದೀರಲ್ಲ, ಯಾರನ್ನ ಕೇಳಿ ಹಾಕಿದ್ರಿ? ಪೂರ್ತಿ ಚಾರ್ಜ್ ಆದ್ರೆ ಅದು ಐವತ್ನಾಲ್ಕು ದಾಟತ್ತೆ, ಗೊತ್ತಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡುತ್ತಾನೆ. "ಸ್ಪೀಡ್ ಬರತ್ತೆ ಅಂತ ಯಾರೋ ಹೇಳಿದ್ರು" ಎಂದರೆ ಸ್ಪ್ಯಾನರನ್ನು ಮೇಜಿನ ಮೇಲೆ ಕುಕ್ಕುತ್ತಾನೆ. "ಸಮನೆಲದಲ್ಲಿ ಎಲ್ಲಾನೂ ಓಡತ್ತೆ ಸ್ವಾಮಿ! ಏರು ದಾರೀಲಿ ನೋಡಬೇಕು ಅದರ ಪಾಡು!" ಡಾಕ್ಟರಿಗೂ ಇದೇ ಬೈಗುಳ, ಪೊಲೀಸಿನವನಿಗೂ ಇದೇ, ಬೈಸಿಕೊಂಡವರೇ ಮರುತಿಂಗಳು ನೆಂಟರನ್ನೂ ಕರೆತರುತ್ತಾರೆ. ಅವನ ಸಿಟ್ಟು ಮಾತ್ರ ಇಳಿಯುವುದಿಲ್ಲ. ಅವನು ಮೊಟ್ಟಮೊದಲು ಮೂಸಿದ್ದು ಅಮ್ಮನ ಸೈಕಲ್ಲಿನ ಮೋಟಾರನ್ನು. ಗುಡ್ಡದ ಮೇಲಿನ ಆಸ್ಪತ್ರೆಗೆ ನೆಲ ಒರೆಸಲು ಹೋಗುತ್ತಿದ್ದ ಅಮ್ಮನಿಗೆ ಮಂಡಿನೋವೆಂದು ದೊಡ್ಡ ಬ್ಯಾಟರಿಯನ್ನು ತಾನೇ ಹಾಕಿಕೊಟ್ಟಿದ್ದ. ಅವಳು ವಾರವಿಡೀ ಸಂಜೆ ಬಂದು ಬೆವರು ಒರೆಸಿಕೊಳ್ಳುತ್ತಾ, "ಚೆನ್ನಾಗಿ ಹತ್ತತ್ತೆ ಕಣೋ" ಎಂದಳು. ಎಂಟನೆಯ ದಿನ ಅವನು ಬಗ್ಗಿ ಮೂಸಿದ, ಆಮೇಲೆ ಅಮ್ಮನ ಬಾಯಿ ಬಿಡಿಸಿದ: ಮೋಟಾರು ಮೊದಲ ದಿನವೇ ಸುಟ್ಟುಹೋಗಿತ್ತು, ಅಮ್ಮ ಅಷ್ಟು ದಿನವೂ ಸೈಕಲ್ಲನ್ನು ತಳ್ಳಿಕೊಂಡೇ ಗುಡ್ಡ ಹತ್ತಿದ್ದಳು.